ತಿರುಗಿ ನೋಡಿದ ಮುದುಕಿ

ಆ ಮುದುಕಿ ಕೋಟೆಯ ಬಾಗಿಲಿನಿಂದ ಹೊರಗೆ ಓಡಿಬರುತ್ತಾಳೆ. ಇದ್ದಕ್ಕಿದ್ದಂತೆ ನಿಲ್ಲುತ್ತಾಳೆ. ಹಣೆಗೆ ಕೈ ಅಡ್ಡ ಹಿಡಿದು ತಿರುಗಿ ನೋಡುತ್ತಾಳೆ, ಬಾಯಿ ತೆರೆದು ಏನೋ ಹೇಳುತ್ತಾಳೆ, ಆಮೇಲೆ ಮಿಕ್ಕವರ ಜೊತೆ ಓಡಿಹೋಗುತ್ತಾಳೆ. ಇಷ್ಟೇ. ಇದನ್ನು ನಾನು ಮಳೆಗಾಲವಿಡೀ ನೋಡಿದ್ದೇನೆ, ಒಂದೊಂದೇ ಚಿತ್ರವಾಗಿ, ಸದ್ದಿಲ್ಲದೆ. ಏನು ಹೇಳಿದಳು, ಯಾರಿಗೆ ಹೇಳಿದಳು, ಯಾಕೆ ತಿರುಗಿದಳು, ಒಂದೂ ಗೊತ್ತಿಲ್ಲ.

ನಮ್ಮ ಕೆಲಸವೇ ಹಾಗೆ. ಮಹದೇವಪುರದಲ್ಲಿ ರಿಂಗ್ ರೋಡಿನ ಪಕ್ಕದ ಗಾಜಿನ ಕಟ್ಟಡದಲ್ಲಿ ನಮ್ಮ ಸ್ಟುಡಿಯೋ ಇದೆ. ಗಾಜು ಹೆಸರಿಗಷ್ಟೇ, ಒಳಗೆಲ್ಲ ಕಪ್ಪು ಪರದೆ. ದೊಡ್ಡ ದೊಡ್ಡ ಸಿನಿಮಾಗಳ ತುಣುಕುಗಳು ನಮ್ಮಲ್ಲಿಗೆ ಬರುತ್ತವೆ. ಅದರಲ್ಲಿ ಇರಬಾರದ್ದನ್ನು ಅಳಿಸುವುದು ನಮ್ಮ ವಿಭಾಗದ ಕೆಲಸ. ನಾಯಕನನ್ನು ಹಾರಿಸುವ ತಂತಿ, ಸೈನಿಕನ ಕೈಗಡಿಯಾರ, ರಾಣಿಯ ಸೆರಗಿನ ಸೇಫ್ಟಿ ಪಿನ್ನು. ಕಥೆ ಹೊರಗೆ ಹೋಗಬಾರದೆಂದು ನಮಗೆ ಕಥೆ ಹೇಳುವುದಿಲ್ಲ, ಧ್ವನಿ ಕಳಿಸುವುದಿಲ್ಲ, ಸಿನಿಮಾದ ಹೆಸರನ್ನೂ ಬಾಯಿಬಿಡುವುದಿಲ್ಲ. ಮುದುಕಿ ಇರುವ ಈ ಸಿನಿಮಾವನ್ನು ನಾವು ‘ಬೆಟ್ಟ’ ಎಂದು ಕರೆಯುತ್ತಿದ್ದೆವು. ಅದರಲ್ಲೊಂದು ಬೆಟ್ಟ ಕುಸಿಯುತ್ತದೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿತ್ತು.

ನಾವು ಮಾಡಿದ್ದು ಯಾರ ಕಣ್ಣಿಗೂ ಬೀಳದಿದ್ದರೆ ಚೆನ್ನಾಗಿ ಮಾಡಿದ್ದೇವೆ ಎಂದರ್ಥ. ನನಗೆ ಹೇಳಿ ಮಾಡಿಸಿದ ಕೆಲಸ. ಡಿಗ್ರಿ ಮುಗಿಯುವವರೆಗೂ ಹಾಜರಿಗೆ ಕೈ ಎತ್ತಿದವಳೇ ಹೊರತು ಬಾಯಿ ಬಿಟ್ಟವಳಲ್ಲ ನಾನು. ಆಡಬೇಕಾದ ಮಾತೆಲ್ಲ ಮನೆಗೆ ಹೋದ ಮೇಲೆ ಡೈರಿಯಲ್ಲಿ. ಇಲ್ಲಿ ಮಾತೇ ಬೇಡ, ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ ಸಂಜೆಯವರೆಗೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ.

ಮುದುಕಿಯ ಶಾಟ್‌ನಲ್ಲಿ ಹಿಂದಿನ ಜನರ ಸೊಂಟಕ್ಕೆ ಕಟ್ಟಿದ ಹಗ್ಗಗಳನ್ನು ತೆಗೆಯಬೇಕಿತ್ತು. ಜೊತೆಗೆ ಇನ್ನೊಂದು ಸೂಚನೆ: ಮುದುಕಿಯ ಕೈ ಮೇಲಿನ ಟ್ಯಾಟೂ ತೆಗೆಯಿರಿ.

ದೊಡ್ಡದು ಮಾಡಿ ನೋಡಿದೆ. ಅದು ಹಚ್ಚೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಮಾಸಿದ ಹಸಿರು ಚುಕ್ಕೆಗಳು, ನಡುವೆ ತೊಟ್ಟಿಲಿನಂಥ ಒಂದು ಆಕಾರ. ನಮ್ಮ ಅಜ್ಜಿ ಶರಣಮ್ಮನ ಕೈಯಲ್ಲೂ ಅಂಥದ್ದೇ ಇದೆ. ಶೂಟಿಂಗ್‌ಗೆ ಗುಂಪಿನಲ್ಲಿ ನಿಲ್ಲಲು ಬಂದ ಯಾವುದೋ ಊರಿನ ಅಜ್ಜಿ ತನ್ನ ಕೈಯನ್ನು ತಾನು ತಂದಿದ್ದಳು.

ನಾನು ಹಗ್ಗಗಳನ್ನು ಅಳಿಸಿ ಹಚ್ಚೆಯನ್ನು ಹಾಗೇ ಬಿಟ್ಟು ಕಳಿಸಿದೆ. ಮರುದಿನ ನಮ್ಮ ಸೂಪರ್‌ವೈಸರ್ ಅಂಜನ್ ಕುರ್ಚಿಯ ಹಿಂದೆ ಬಂದು ನಿಂತರು.

“ಸ್ಫೂರ್ತಿ, ಟ್ಯಾಟೂ ಇನ್ನೂ ಅಲ್ಲೇ ಇದೆಯಲ್ರೀ. ಸಾವಿರ ವರ್ಷದ ಹಿಂದಿನ ಕಥೆ ಇದು. ಆಗ ಟ್ಯಾಟೂ ಪಾರ್ಲರ್ ಇತ್ತಾ?”

“ಸರ್, ಅದು…”

“ಹಾಂ?”

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಬಾಯಿಂದ ಹೊರಡದ್ದನ್ನು ಚಾಟ್‌ನಲ್ಲಿ ಬರೆದೆ: ಸರ್, ಅದು ಹಚ್ಚೆ, ಹಳೇ ಕಾಲದ್ದೇ, ಇದ್ದರೇ ಸರಿ. ‘ಕ್ಲೈಂಟ್ ನೋಟ್ ಇದೆ, ತೆಗೀರಿ’ ಎಂದು ಉತ್ತರ ಬಂತು. ಜೊತೆಗೊಂದು ಹೆಬ್ಬೆಟ್ಟಿನ ಚಿತ್ರ.

ಪಕ್ಕದ ಕುರ್ಚಿಯ ಮಾಲಾ ನೋಡುತ್ತಿದ್ದಳು. ಅವಳು ಮಹದೇವಪುರದವಳೇ, ಅವರ ಮನೆಯ ಮೇಲಿನ ಮೂರು ಮಹಡಿಗಳಲ್ಲಿ ನಮ್ಮ ಸ್ಟುಡಿಯೋದವರೇ ಬಾಡಿಗೆಗಿದ್ದಾರೆ, ಹಾಗಾಗಿ ಅವಳಿಗೆ ಯಾರ ಭಯವೂ ಇಲ್ಲ. “ಬಿಡೇ, ಆ ಅಜ್ಜಿ ಬಂದು ನನ್ನ ಹಚ್ಚೆ ಎಲ್ಲೇ ಅಂತ ಕೇಳ್ತಾಳಾ?” ಎಂದು ನಕ್ಕಳು.

ಅಳಿಸಿದೆ. ಚರ್ಮದ ಸುಕ್ಕು ಕೆಡದ ಹಾಗೆ, ಕೈ ಅಲುಗಿದಂತೆಲ್ಲ ಹೊಸ ಚರ್ಮವೂ ಅಲುಗುವ ಹಾಗೆ, ಒಂದೊಂದೇ ಚುಕ್ಕೆ. ಅಷ್ಟು ಹೊತ್ತು ಒಬ್ಬರ ಕೈಯನ್ನು ನೋಡಿದರೆ ಅವರು ಗೊತ್ತಿರುವವರೇ ಆಗಿಬಿಡುತ್ತಾರೆ. ಯಾಕೆ ತಿರುಗಿದೆ ಅಜ್ಜಿ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ. ಸಿನಿಮಾ ಬಂದಾಗ ಗೊತ್ತಾಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮನೆಯಲ್ಲಿ ಬೇರೆಯದೇ ತಕರಾರು. ಟಿ. ದಾಸರಹಳ್ಳಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇನ್ನೊಂದಕ್ಕೆ ಬದಲಾಯಿಸಿ ಹೋಗಿಬರುವ ನನ್ನ ಕೆಂಪು ಕಣ್ಣುಗಳನ್ನು ನೋಡಿ ಅಪ್ಪನಿಗೆ ಸಿಟ್ಟು. ಅಪ್ಪ ಮಡಿವಾಳಪ್ಪ, ಕೊಪ್ಪಳದ ಕಡೆಯವರು, ಪೀಣ್ಯದಲ್ಲಿ ಗೇರ್ ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ಜಗತ್ತಿನಲ್ಲಿರುವುದೆಲ್ಲ ಅವರಿಗೆ ಮೂರೇ ಬಗೆ: ಪಾಸ್, ರೀವರ್ಕ್, ರಿಜೆಕ್ಟ್. ಅವ್ವನ ರೊಟ್ಟಿ ಪಾಸ್. ನೆರೆಮನೆಯವರ ಗೇಟು ರೀವರ್ಕ್. ನನ್ನನ್ನು ನೋಡಲು ಬಂದಿದ್ದ ಗಂಡು ರಿಜೆಕ್ಟ್. ಅದೊಂದಕ್ಕೆ ನಾನು ಅವರಿಗೆ ಋಣಿ.

ನಾನು ಬಿ.ಎಡ್. ಮಾಡಿ ಟೀಚರ್ ಆಗಬೇಕೆಂಬುದು ಅವರ ಆಸೆ. ನಲವತ್ತು ಮಕ್ಕಳು ಒಟ್ಟಿಗೆ ನನ್ನ ಮುಖ ನೋಡುವುದನ್ನು ನೆನೆದರೇ ನನಗೆ ಅಂಗೈ ಬೆವರುತ್ತದೆ. “ನನಗ ಎಲ್ಲರ ಮುಂದ ಮಾತಾಡಾಕ ಬರೂದಿಲ್ಲ ಅಪ್ಪಾ” ಎಂಬ ಒಂದೇ ನೆಪದ ಮೇಲೆ ಎರಡು ವರ್ಷ ತಳ್ಳಿದ್ದೆ. ಆದರೆ ಈಗ ‘ಬೆಟ್ಟ’ದ ಎರಡನೆಯ ಭಾಗಕ್ಕೆ ತಂಡ ಕಟ್ಟುತ್ತಿದ್ದರು. ಸೇರಿದರೆ ಮುಗಿಯುವವರೆಗೆ ಬಿಡುವಂತಿಲ್ಲ ಎಂದು ಬರೆದುಕೊಡಬೇಕು. ಹೆಸರು ಹೇಳಲು ಸೋಮವಾರ ಕೊನೆ. ಅತ್ತ ಬಿ.ಎಡ್. ಅರ್ಜಿಗೂ ಅದೇ ವಾರ ಕೊನೆ.

“ಒಂದ ಕೆಲಸ ಮಾಡೂಣು” ಎಂದರು ಅಪ್ಪ. “ಮೊದಲನೇ ಭಾಗ ಬಂದೈತೆಲ್ಲ. ಐತವಾರ ಎಲ್ಲಾರೂ ಹೋಗಿ ನೋಡೂಣು. ನಿನ್ನ ಕಣ್ಣು ತಿಂದದ್ದು ಏನಂತ ನಾನೂ ನೋಡ್ತೀನಿ. ಪಾಸಾದ್ರ ನೀ ಅಲ್ಲೇ ಇರು, ನಾ ಮತ್ತ ಬಿ.ಎಡ್. ಹೆಸರು ಎತ್ತೂದಿಲ್ಲ. ರಿಜೆಕ್ಟ್ ಆದ್ರ ನೀನೂ ಮಾತ ಎತ್ತದ ಬಿ.ಎಡ್. ಸೇರಬೇಕು. ಆತೇನು?”

ಆತು ಎಂದೆ. ನನ್ನ ಮುದುಕಿಯನ್ನು ನಂಬಿ ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನದ ಆಟ. ಅಪ್ಪ, ಅವ್ವ, ನಾನು, ಅಜ್ಜಿ. ಅಜ್ಜಿ ಥಿಯೇಟರಿಗೆ ಬಂದು ಎಷ್ಟೋ ಕಾಲವಾಗಿತ್ತು. ಎಸಿಯ ಚಳಿಗೆ ತಲೆತುಂಬ ಸೆರಗು ಹೊದ್ದು, ಮೆತ್ತನೆಯ ಕುರ್ಚಿಯ ತುದಿಯಲ್ಲಿ ಬಸ್ಸಿಗೆ ಕಾಯುವವಳಂತೆ ಕೂತಳು. ಹಿಂದಿನ ಸಾಲಿನಲ್ಲಿ ಹುಡುಗರ ದಂಡು. “ಮಗಾ, ಸೆಕೆಂಡ್ ಹಾಫ್ ಬೆಂಕಿ ಅಂತೆ ಕಣೋ.” “ಫಸ್ಟ್ ಹಾಫ್?” “ಅದು ಪಾಪ್‌ಕಾರ್ನ್ ತಿನ್ನೋಕೆ ಗುರು.”

ದೀಪ ಆರಿತು.

ಮೊದಲಿಗೆ ನನಗೂ ಎದೆ ತುಂಬಿತು, ಸುಳ್ಳು ಹೇಳುವುದಿಲ್ಲ. ನಾವು ಹಸಿರು ಬಟ್ಟೆಯ ಮುಂದೆ ಕಂಡಿದ್ದ ಜನರ ಹಿಂದೆ ಈಗ ಆಕಾಶದಷ್ಟು ಎತ್ತರದ ಕೋಟೆ ಇತ್ತು, ಅದರ ಮೇಲೆ ಹದ್ದುಗಳಿದ್ದವು, ಹದ್ದಿನ ನೆರಳು ಗೋಡೆಯ ಮೇಲೆ ಸರಿಯಾದ ಕಡೆ ಬೀಳುತ್ತಿತ್ತು. ಆ ನೆರಳಿಗಾಗಿ ಯಾರೋ ನಿದ್ದೆಗೆಟ್ಟಿದ್ದಾರೆ ಎಂದು ನನಗೆ ಗೊತ್ತು. ನಾಯಕ ಕೋಟೆಯ ಬಾಗಿಲನ್ನೇ ಕಿತ್ತು ಅದರ ಮೇಲೆ ನಿಂತು ಇಳಿಜಾರಿನಲ್ಲಿ ಜಾರಿಕೊಂಡು ಬಂದ. ಹಿಂದಿನ ಸಾಲು ಎದ್ದು ನಿಂತಿತು. ಅಪ್ಪ ಸಿಳ್ಳೆ ಹಾಕಿದರು. ಅಪ್ಪನಿಗೆ ಸಿಳ್ಳೆ ಹಾಕಲು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆದರೆ ಇಂಟರ್‌ವಲ್ ಕಳೆದರೂ ಯಾರು ಯಾಕೆ ಕಾದಾಡುತ್ತಿದ್ದಾರೆ ಎಂಬುದು ತಿಳಿಯಲಿಲ್ಲ. ನಾಯಕ ಎಲ್ಲಿಂದಲೋ ಬಂದಿದ್ದ. ಖಳನಾಯಕನಿಗೆ ಏನೋ ಬೇಕಿತ್ತು. ಒಬ್ಬಳು ರಾಣಿ ಜಲಪಾತದ ಕೆಳಗೆ ಹಾಡಿ, ಆಮೇಲೆ ಕಾಣಲೇ ಇಲ್ಲ. ಯಾರಾದರೂ ಇಬ್ಬರು ಎದುರುಬದುರು ನಿಂತು ನಾಲ್ಕು ಮಾತಾಡುವ ಹೊತ್ತಿಗೆ ಸರಿಯಾಗಿ ಏನಾದರೊಂದು ಸಿಡಿಯುತ್ತಿತ್ತು. ನಾನು ಕೈಬೆರಳು ಹಿಸುಕಿಕೊಳ್ಳುತ್ತ ಕಾಯುತ್ತಿದ್ದೆ. ಮುದುಕಿ ಬರಲಿ, ಎಲ್ಲ ಸರಿಹೋಗುತ್ತದೆ.

ಬೆಟ್ಟ ಬಿತ್ತು. ಆಮೇಲೆ ಇನ್ನೊಂದು ಕಡೆಯಿಂದ ಬಿತ್ತು. ಮೂರನೆಯ ಸಲ ನಿಧಾನವಾಗಿ ಬಿತ್ತು. ಕುರ್ಚಿ ನಡುಗಿತು, ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಆಗ ಬಂದಳು.

ಬಾಗಿಲಿನಿಂದ ಹೊರಗೆ ಓಡಿ, ನಿಂತು, ಹಣೆಗೆ ಕೈ ಅಡ್ಡ ಹಿಡಿದು. ಪರದೆಯ ಮೇಲೆ ಆ ಕೈ ಒಂದು ಬಸ್ಸಿನಷ್ಟು ದೊಡ್ಡದಿತ್ತು. ಬೋಳಾಗಿತ್ತು. ಬಾಯಿ ತೆರೆದಳು. ಡೋಲು, ಕಹಳೆ, ಬೆಟ್ಟದ ಗುಡುಗು. ಅವಳ ಧ್ವನಿಯೇ ಇರಲಿಲ್ಲ. ಧ್ವನಿ ಹಾಕಿಯೇ ಇರಲಿಲ್ಲ. ನಮ್ಮ ಸ್ಟುಡಿಯೋದಲ್ಲಿದ್ದಂತೆಯೇ ಮೂಕಿಯಾಗಿ ಬಾಯಿ ಆಡಿಸಿ, ಕಿಡಿ ಬೂದಿಗಳ ಹಿಂದೆ ಮರೆಯಾದಳು. ಅವಳು ನೋಡಿದ ದಿಕ್ಕಿನಲ್ಲಿ ಏನಿತ್ತು ಎಂದು ತೋರಿಸಬಹುದಿತ್ತಲ್ಲ, ಅದರ ಬದಲು ಮುಂದಿನ ಶಾಟ್‌ನಲ್ಲಿ ನಾಯಕನಿದ್ದ, ಕನ್ನಡಕ ಇಲ್ಲದಿದ್ದರೂ ಕನ್ನಡಕ ಸರಿಮಾಡಿಕೊಳ್ಳುವವನ ಹಾಗೆ ಮೂಗಿನ ಮೇಲೆ ಬೆರಳೆಳೆಯುತ್ತ. ಜನ ಹುಯ್ಯೆಂದರು. ಮುದುಕಿ ಮತ್ತೆ ಬರಲಿಲ್ಲ.

ಇಷ್ಟಕ್ಕಾ? ಒಂದು ಮಳೆಗಾಲ, ಇಷ್ಟಕ್ಕಾ?

ಹೊರಗೆ ತುಮಕೂರು ರಸ್ತೆಯ ಲಾರಿಗಳ ಸದ್ದು ಕಿವಿಗೆ ಹಿತವೆನಿಸಿತು. ಅಪ್ಪನ ಮುಖ ಮದುವೆ ಊಟ ಮಾಡಿದವರ ಹಾಗೆ ಹೊಳೆಯುತ್ತಿತ್ತು. “ಏನ್ ಫಿನಿಶಿಂಗ್ ಐತಿ ಮಾರಾಯ್ತಿ! ಒಂದು ಗೆರಿ ಕಾಣಂಗಿಲ್ಲ, ಒಂದು ಜಾಯಿಂಟ್ ಕಾಣಂಗಿಲ್ಲ. ಬೆಟ್ಟ ನಮ್ಮ ಮ್ಯಾಲೇ ಬಿತ್ತು ಅನ್ನಬೇಕು. ಪಾಸ್! ನೂರಕ್ಕ ನೂರು ಪಾಸ್. ನಾಳೆ ಹೋಗಿ ಹೆಸರು ಕೊಡವ್ವಾ ನೀ.”

ನಾನು ಗೆದ್ದಿದ್ದೆ. ಬಿ.ಎಡ್. ಇಲ್ಲ, ನಲವತ್ತು ಮುಖಗಳಿಲ್ಲ. ಹೂಂ ಎಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸಿದವರು ಯಾರಿದ್ದಾರೆ?

ಕೆಡಿಸಿದವಳು ಅಜ್ಜಿ. ಮನೆಗೆ ಬಂದು ಕಾಲು ತೊಳೆದು, ಎಲೆ ಅಡಿಕೆ ಬಿಚ್ಚುತ್ತ ಕೇಳಿದಳು:

“ಅಲ್ಲಬೇ ಸ್ಫೂರ್ತಿ, ಆ ಮುದುಕಿ ಯಾಕ ತಿರುಗಿ ನೋಡಿದ್ಲು?”

ನನ್ನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಅದು ನನ್ನ ಶಾಟ್ ಎಂದು ಅವಳಿಗೆ ನಾನು ಹೇಳಿರಲಿಲ್ಲ.

“ಯಾವ ಮುದುಕಿ ಯವ್ವಾ?” ಎಂದರು ಅಪ್ಪ.

“ಅದ ಅಲ್ಲೋ, ಬಾಗಲದಾಗ ನಿಂತಾಕಿ. ಅಷ್ಟ ವಯಸ್ಸಾಗೇತಿ, ಕೈಯಾಗ ಒಂದು ಹಚ್ಚಿ ಇಲ್ಲ. ಬೋಳು ಕೈ. ಯಾವ ಊರಾಕಿನೋ ಏನೋ. ಆದ್ರ ಏನೋ ಅಂದ್ಲು ನೋಡು ಆಕಿ. ಒಲಿ ಮ್ಯಾಲ ಏನರ ಇಟ್ಟು ಬಂದಿರಬೇಕು.”

ಅವ್ವ ಅಡುಗೆಮನೆಯಿಂದ ಇಣುಕಿದಳು. “ಬೆಟ್ಟ ಬೀಳೂ ಮುಂದ ಒಲಿ ಯಾರಿಗೆ ನೆಪ್ಪಾಕೈತ್ರಿ ಅತ್ತಿ? ಮಮ್ಮಗ ಒಳಗ ಉಳಿದಿರಬೇಕು.”

“ಮಮ್ಮಗ ಉಳಿದಿದ್ರ ಮತ್ತ ಓಡಿ ಹೋಗ್ತಿದ್ಲೇನು? ಒಳಗ ನುಗ್ತಿದ್ಲು. ಆಕಿ ನೋಡಿ, ಹೋದ್ರ ಹೋಗ್ಲಿ ಅಂತ ಓಡಿದ್ಲು. ಒಲೀನ.”

“ಎಮ್ಮಿ ಇರಬೇಕು” ಎಂದರು ಅಪ್ಪ ತಡೆಯಲಾರದೆ. “ಹಗ್ಗ ಬಿಚ್ಚೂದು ಮರತಿರತಾಳ.” ಆಮೇಲೆ ತಲೆ ಕೊಡವಿಕೊಂಡು, “ಅದೆಲ್ಲ ಯಾಕ ಬೇಕು? ಬೆಟ್ಟ ಬಿದ್ದದ್ದು ನೋಡಿದ್ರಿಲ್ಲೋ, ಅದನ್ನ ಮಾತಾಡ್ರಿ” ಎಂದರು.

“ಅದರ ಬಗ್ಗೆ ಏನೈತಿ ಮಾತಾಡಾಕ?” ಎಂದಳು ಅಜ್ಜಿ. “ಬಿತ್ತು.”

ಆಗ ನನ್ನ ಬಾಯಿಂದ ಬಂದದ್ದು ನನ್ನ ಧ್ವನಿ ಎಂದು ನನಗೇ ತಡವಾಗಿ ತಿಳಿಯಿತು.

“ಅಪ್ಪಾ, ಆ ಬೆಟ್ಟ ಯಾರ ಮ್ಯಾಲ ಬಿತ್ತು?”

“ಊರಿನ ಮ್ಯಾಲ.”

“ಆ ಊರಾಗ ಒಬ್ಬರ ಹೆಸರು ಹೇಳ್ರಿ.”

“ಅಂವಾ ಅದಾನಲ್ಲ, ಹೀರೋ…”

“ಅಂವ ಆ ಊರಾವ ಅಲ್ಲ. ಮೂರು ತಾಸು ನೋಡೀವಿ ಅಪ್ಪಾ. ಊರಿಗೆ ಊರ ಸತ್ತು ಹೋತು, ಒಬ್ಬರ ಹೆಸರೂ ನಮಗ ಗೊತ್ತಿಲ್ಲ. ಅಳು ಬರಲಿಲ್ಲ. ಹೆದರಿಕಿನೂ ಬರಲಿಲ್ಲ, ಕುರ್ಚಿ ಅಷ್ಟ ನಡುಗಿತು. ಮನಿಗೆ ಬಂದು ನೀವೆಲ್ಲಾರೂ ಜಗಳಾಡಾಕತ್ತಿದ್ದು ಯಾರ ಸಲುವಾಗಿ? ಕಣ್ಣು ಮುಚ್ಚಿ ತೆಗಿಯೂದರಾಗ ಬಂದು ಹೋದ ಆ ಮುದುಕಿ ಸಲುವಾಗಿ. ಆಕಿಗೆ ಒಂದು ಮಾತು ಕೊಡಲಿಲ್ಲ ಅವರು. ಆಕಿ ಕೈಯಾಗ ಹಚ್ಚಿ ಇತ್ತು, ನನ್ನ ಕೈಲಿ ಅಳಸಿದ್ರು. ಫಿನಿಶಿಂಗ್ ಅಂತೀರಿ. ನಿಮ್ಮ ಟೇಬಲ್ ಮ್ಯಾಲ ಒಂದು ಗೇರ್ ಬರತೈತಿ, ಕನ್ನಡಿ ಹಂಗ ಪಾಲಿಶ್. ಮುಖ ನೋಡಿಕೋಬಹುದು. ಹಲ್ಲ ಇಲ್ಲ. ಪಾಸ್ ಮಾಡ್ತೀರೇನು?”

ಅವ್ವ ಸೌಟು ಹಿಡಿದು ನಿಂತಿದ್ದಳು. ನನ್ನ ಕಿವಿಗಳು ಬಿಸಿಯಾಗಿದ್ದವು. ಇಷ್ಟು ಮಾತನ್ನು ಒಂದೇ ಉಸಿರಿಗೆ ನಾನು ಯಾವತ್ತೂ ಆಡಿರಲಿಲ್ಲ.

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಕಾರ್ಖಾನೆಯಲ್ಲಿ ಯಾವುದಾದರೂ ತುಂಡನ್ನು ಎರಡನೆಯ ಸಲ ನೋಡುವಾಗ ಹೀಗೇ ಮಾಡುತ್ತಾರಂತೆ.

“ಹಲ್ಲಿಲ್ಲಂದ್ರ ಅದು ಗೇರ್ ಹ್ಯಾಂಗಾಕೈತಿ” ಎಂದರು ಮೆಲ್ಲಗೆ. “ಅದು ಬರೇ ಬಿಲ್ಲೆ.” ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, “ಖರೇ ಐತಿ. ರಿಜೆಕ್ಟ್.”

ಒಂದು ಕ್ಷಣ ನನಗೆ ಸಂತೋಷವಾಯಿತು. ಒಂದೇ ಕ್ಷಣ.

“ಅಂದಮ್ಯಾಲ ಒಪ್ಪಂದ ಒಪ್ಪಂದನ” ಎಂದರು ಅಪ್ಪ, ಕನ್ನಡಕ ಹಾಕಿಕೊಳ್ಳುತ್ತ. ತುಟಿಯ ಮೂಲೆಯಲ್ಲಿ ನಗು ಬರುತ್ತಿತ್ತು. “ಮತ್ತ ಇನ್ನೊಂದು ಮಾತು. ಎಲ್ಲರ ಮುಂದ ಮಾತಾಡಾಕ ಬರೂದಿಲ್ಲ ಅಂತಿದ್ದೆಲ್ಲ, ಈಗ ಮಾತಾಡಿದಾಕಿ ಯಾರವ್ವಾ?”

ಅಜ್ಜಿ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕಳು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಡೈರಿ ತೆಗೆದೆ. ಬರೆಯಲು ಏನೂ ಉಳಿದಿರಲಿಲ್ಲ, ಎಲ್ಲ ಹೊರಗೆ ಚೆಲ್ಲಿ ಬಂದಿದ್ದೆ. ಸಿನಿಮಾ ಚೆನ್ನಾಗಿದ್ದಿದ್ದರೆ ಉಳಿಯುತ್ತಿದ್ದೆ. ಕೆಟ್ಟದ್ದನ್ನು ಚೆನ್ನಾಗಿದೆ ಎಂದು ಅಪ್ಪ ನಂಬಿದಾಗಲಾದರೂ ಉಳಿಯಬಹುದಿತ್ತು. ನನ್ನ ಬಾಯಿಂದ ನಾನೇ ಕಳಕೊಂಡೆ. ಹುಟ್ಟಿದಂದಿನಿಂದ ಮುಚ್ಚಿಕೊಂಡಿದ್ದ ಬಾಯಿಗೆ ತೆರೆಯಲು ಬೇರೆ ದಿನ ಸಿಗಲಿಲ್ಲ!

ಆದರೂ ಸೋಮವಾರ ಬೆಳಿಗ್ಗೆ ಮೆಟ್ರೋದಲ್ಲಿ ಒಂದು ಆಸೆ ಉಳಿದಿತ್ತು. ಕಥೆಯಲ್ಲಿ ಕಾರಣ ಇದ್ದಿರಬಹುದು; ಉದ್ದವಾಯಿತೆಂದು ಕತ್ತರಿಸಿರಬಹುದು; ಎರಡನೆಯ ಭಾಗದಲ್ಲಿ ಬರಬಹುದು. ಹಾಗೇನಾದರೂ ಇದ್ದರೆ ಅಪ್ಪನ ಎದುರು ಮತ್ತೊಮ್ಮೆ ವಾದ ಹೂಡಬಹುದು. ಇದು ರಿಜೆಕ್ಟ್ ಅಲ್ಲ, ರೀವರ್ಕ್ ಎನ್ನಬಹುದು.

ಅಂಜನ್ ಎಲ್ಲರ ಹೆಸರು ಕೇಳುತ್ತ ನಮ್ಮ ಸಾಲಿಗೆ ಬಂದರು. “ಮಾಲಾ ಇನ್. ಸ್ಫೂರ್ತಿ, ನೀವೂ ಇನ್ ತಾನೇ? ನಿಮ್ಮ ಕ್ಲೀನಪ್ ಸಕ್ಕತ್ತಾಗಿತ್ತು, ಕ್ಲೈಂಟ್ ಫುಲ್ ಹ್ಯಾಪಿ.”

“ಸರ್, ಒಂದು ಕೇಳ್ಬೇಕು. ಆ ಮುದುಕಿ ಯಾಕೆ ತಿರುಗಿ ನೋಡ್ತಾಳೆ?”

“ಯಾವ ಮುದುಕಿ?”

ಶಾಟ್ ತೆರೆದು ತೋರಿಸಿದೆ.

“ಓ, ಇದಾ!” ಅವರು ಬಗ್ಗಿ ನೋಡಿದರು. ಕೆಟ್ಟವರಲ್ಲ ಅವರು; ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಿಸಿದರು. “ಕಾರಣ ಅಂತ ಏನೂ ಇಲ್ಲ ಕಣ್ರೀ. ಬೆಟ್ಟ ಎಷ್ಟು ದೊಡ್ಡದು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ, ಪಕ್ಕದಲ್ಲಿ ಅಳತೆಗೆ ಒಂದು ಮನುಷ್ಯರ ಮುಖ ಬೇಕಿತ್ತು. ಗುಂಪಲ್ಲಿ ಯಾರ್ನೋ ಒಬ್ರನ್ನ ಕರೆದು, ಅಜ್ಜಿ ಆ ಕಡೆ ತಿರುಗಿ ಏನಾದ್ರೂ ಹೇಳಿ ಅಂದಿರ್ತಾರೆ.”

ಅಳತೆಗೆ.

“ಪಾರ್ಟ್ ಟೂನಲ್ಲಿ ಬರ್ತಾಳಾ ಸರ್?”

“ಇದೇ ಮುದುಕೀನಾ? ಇಲ್ಲಪ್ಪಾ. ಪಾರ್ಟ್ ಟೂನಲ್ಲಿ ಸಮುದ್ರ.”

“ಹಾಗಾದ್ರೆ ನನ್ನ ಹೆಸರು ಬೇಡ ಸರ್.”

ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಮಾಲಾ ಹೆಡ್‌ಫೋನ್ ತೆಗೆದಳು. “ಏನೇ, ಯಾವಾಗ್ಲಿಂದ ನಿಂಗೆ ವಾಲ್ಯೂಮ್ ಬಂತು?”

ಅಂಜನ್ ಕಾರಣ ಕೇಳಿದರು. ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಿದ್ದಾರೆ ಎಂದೆ. ಅದು ನಿಜವೇ ಆಗಿತ್ತು, ಅದೇ ಇನ್ನಷ್ಟು ಕಿರಿಕಿರಿ. ಮಧ್ಯಾಹ್ನ ಅಪ್ಪನಿಂದ ಅರ್ಜಿಯ ಲಿಂಕ್ ಬಂತು, ಕೆಳಗೆ ಕೈಮುಗಿಯುವ ಚಿತ್ರದ ಜೊತೆ. ತೆರೆಯಲಿಲ್ಲ. ಸಂಜೆ ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ನಿಂತು ತೆರೆದೆ. ಹೆಸರು, ತಂದೆಯ ಹೆಸರು ತುಂಬಿದೆ. ಬೇರೆ ದಾರಿ ಯಾವುದಿತ್ತು? ಯಾರೋ ಬ್ಯಾಗಿನಿಂದ ಬೆನ್ನಿಗೆ ತಿವಿದರು. “ಸ್ವಲ್ಪ ಸರೀರಿ” ಎಂದು ಗದರಿದೆ. ಅದೂ ಬಂತು ಬಾಯಿಗೆ.

ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು, ತೋಳು ತೊಡೆಯ ಮೇಲೆ, ಹಸಿರು ಚುಕ್ಕೆಗಳು ಮೇಲೆ.

“ಕೇಳಿದ್ಯಾ ಆಪೀಸಿನ್ಯಾಗ?”

“ಕೇಳಿದೆ. ಅವರಿಗೂ ಗೊತ್ತಿಲ್ಲಂತ. ಸುಮ್ಮನ ನಿಲ್ಲಿಸ್ಯಾರ.”

“ಸುಮ್ಮನ?” ಅಜ್ಜಿಗೆ ಅದು ನಂಬುವ ಮಾತಾಗಿರಲಿಲ್ಲ. “ಹುಚ್ಚು ಖೋಡಿಗೋಳು. ಯಾರರ ಸುಮ್ಮನ ತಿರುಗಿ ನೋಡ್ತಾರೇನು? ಅವರು ಏನರ ಹೇಳಿಕೊಟ್ಟಿರಲಿ, ಆಕಿ ನೋಡಿದ್ದು ಖರೇನ ನೋಡ್ಯಾಳ. ಮನಿ ನೆಪ್ಪಾಗಿರತೈತಿ ಆಕಿಗೆ…”

ಮಾತು ಅರ್ಧಕ್ಕೆ ನಿಲ್ಲಿಸಿ ಮೂಗು ಅರಳಿಸಿದಳು. ಮೊಣಕಾಲಿಗೆ ಕೈ ಊರಿ ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ಬಡಬಡ ಅಡುಗೆಮನೆಗೆ ಹೋದಳು. ಅವಳೇ ಇಟ್ಟು ಮರೆತಿದ್ದ ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು.